ಜೊತೆಗೆ ಬಂದವರು ಹೊರಗೆ ಕೂರಬೇಕು

ಬಸವರಾಜೇಶ್ವರಿ ಮೇಡಂಗೆ ಸ್ಟ್ರೋಕ್ ಆದದ್ದು ಬೆಳಿಗ್ಗೆ ಹನ್ನೊಂದೂಕಾಲಿಗೆ, ಕಚೇರಿಯಲ್ಲೇ, ಹದಿನಾರು ಜನ ಸರ್ಕಾರಿ ನೌಕರರ ಕಣ್ಣೆದುರಿಗೆ. ಅವರನ್ನು ಆಸ್ಪತ್ರೆ ಮುಟ್ಟಿಸಿದಾಗ ಒಂದೂವರೆ. ನಡುವಿನ ಎರಡೂಕಾಲು ಗಂಟೆ ನೀವೆಲ್ಲ ಏನು ಮಾಡುತ್ತಿದ್ದಿರಿ ಎಂದು ನಮ್ಮನ್ನು ಯಾರೂ ಕೇಳಲಿಲ್ಲ. ಕೇಳದಿದ್ದದ್ದು ನಮ್ಮ ಪುಣ್ಯ.

ಪೆನ್ನು ಕೈಯಿಂದ ಜಾರಿತ್ತು, ಬಾಯಿ ಒಂದು ಕಡೆಗೆ ಎಳೆದಿತ್ತು. ಒಬ್ಬರು ಗ್ಯಾಸ್ಟ್ರಿಕ್ ಎಂದು ತೀರ್ಮಾನಿಸಿ ಸೋಡಾ ತರಿಸಿದರು. ಸೋಮವಾರದ ಉಪವಾಸ ಹೆಚ್ಚಾಯಿತು ಎಂದರು ಇನ್ನೊಬ್ಬರು. ಆಂಬುಲೆನ್ಸ್ ನಂಬರು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಅಂಟಿಸಿತ್ತು; ಎಲ್ಲರೂ ಅದನ್ನು ನೋಡಿದೆವು, ಬೇರೆ ಯಾರೋ ಫೋನು ಮಾಡಿರುತ್ತಾರೆಂದು ಎಲ್ಲರೂ ನಂಬಿದೆವು. ಜೀಪು ಅಂಗಳದಲ್ಲೇ ಇತ್ತು. ಆದರೆ ಸಾಹೇಬರು ಮೀಟಿಂಗಿನಲ್ಲಿದ್ದರು, ಅವರ ಅನುಮತಿಯಿಲ್ಲದೆ ಜೀಪು ಕದಲುವಂತಿರಲಿಲ್ಲ. ಪಕ್ಕದ ಮೇಜಿನಲ್ಲಿ ಹದಿನಾಲ್ಕು ವರ್ಷದಿಂದ ಕೂತಿದ್ದ ನಾನು ಮಾಡಿದ ಉಪಕಾರವೆಂದರೆ ಫ್ಯಾನು ಜೋರು ಮಾಡಿದ್ದು.

ಮೇಡಂ ನಮ್ಮ ಕಚೇರಿಯ ಪ್ರಥಮ ದರ್ಜೆ ಸಹಾಯಕಿ. ಆಗ ಅವರಿಗೆ ಐವತ್ತಾರು. ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಅವರು ಒಂದು ಅರ್ಜಿಯನ್ನೂ ಕಳೆದವರಲ್ಲ, ಒಂದನ್ನೂ ಬಂದ ದಿನವೇ ಮುಗಿಸಿದವರೂ ಅಲ್ಲ. ಲಂಚ ಮುಟ್ಟುತ್ತಿರಲಿಲ್ಲ, ಅದರಿಂದ ಜನರಿಗೆ ಕಷ್ಟ ಇನ್ನೂ ಹೆಚ್ಚಾಗಿತ್ತು, ಬೇಗ ಮಾಡಿಸಿಕೊಳ್ಳುವುದಕ್ಕೆ ದಾರಿಯೇ ಇರಲಿಲ್ಲ. ಎದುರು ಬಂದು ನಿಂತವನ ಕಾಗದವನ್ನು ಮೂರು ಸಲ ತಿರುವಿ, ಕನ್ನಡಕದ ಮೇಲಿನಿಂದ ಅವನ ಮುಖ ನೋಡಿ, "ನಾಳೆ ಬನ್ನಿ" ಎನ್ನುತ್ತಿದ್ದರು. ದನಿ ಏರಿಸುತ್ತಿರಲಿಲ್ಲ. ಕುಂಸಿಯಿಂದ, ಆಯನೂರಿನಿಂದ ಎರಡು ಬಸ್ಸು ಹಿಡಿದು ಬಂದವರು ಮತ್ತೆ ಎರಡು ಬಸ್ಸು ಹಿಡಿದು ಹೋಗುತ್ತಿದ್ದರು.

ಮಿದುಳಿನ ಎಡಭಾಗಕ್ಕೆ ಏಟು ಬಿದ್ದಿತ್ತು. ಬಲಗೈ, ಬಲಗಾಲು, ಅವುಗಳ ಜೊತೆಗೆ ಮಾತು, ಮೂರೂ ಹೋದವು. ಅವರಿಗೆ ಎಲ್ಲವೂ ಅರ್ಥವಾಗುತ್ತದೆ, ಹೇಳಬೇಕೆಂದ ಮಾತು ಬಾಯಿಗೆ ಬರುವುದಿಲ್ಲ ಅಷ್ಟೇ ಎಂದು ವೈದ್ಯರು ವಿವರಿಸಿದರು. ಒಂಬತ್ತನೆಯ ದಿನ ಆ ವೈದ್ಯರೇ ಹಾಸಿಗೆಯ ಪಕ್ಕ ಬಗ್ಗಿ, "ಅಮ್ಮಾ, ನಿಮ್ಮ ಹೆಸರೇನು?" ಎಂದು ಕೇಳಿದರು. ಮೇಡಂ ಬಹಳ ಹೊತ್ತು ತುಟಿ ಒದ್ದಾಡಿಸಿದರು. ಆಮೇಲೆ ಸ್ಪಷ್ಟವಾಗಿ, ಒಂದಕ್ಷರವೂ ತೊದಲದೆ ಹೇಳಿದರು:

"ನಾಳೆ ಬನ್ನಿ."

ಮುಂದಿನ ಏಳು ತಿಂಗಳು ಅವರ ಬಾಯಲ್ಲಿ ಬಂದದ್ದು ಅದೊಂದೇ. ನೀರು ಬೇಕಾದರೂ ಅದೇ, ಸೊಳ್ಳೆ ಕಚ್ಚಿದರೂ ಅದೇ. ಸಂಕಟವಾದಾಗ ಬೇರೆ ರಾಗದಲ್ಲಿ ಅದೇ. ಈ ಸುದ್ದಿ ಕಚೇರಿ ಮುಟ್ಟಿದ ದಿನ ಕ್ಯಾಂಟೀನಿನಲ್ಲಿ ಎಷ್ಟು ನಕ್ಕೆವು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ.

ವಿನೋಬನಗರದ ಮನೆಗೆ ನೋಡುವವರ ಸಾಲು ಹತ್ತಿತು. ಎಳನೀರು, ಹಾರ್ಲಿಕ್ಸ್, ದಾಳಿಂಬೆಯ ಜೊತೆ ಪ್ರತಿಯೊಬ್ಬರೂ ಒಂದೊಂದು ಚಿಕಿತ್ಸೆ ತಂದರು. ಲಿಂಗ ಕಟ್ಟಿದ ಆ ಮನೆಯ ನಡುಮನೆಯಲ್ಲಿ ಕೂತು ಪಾರಿವಾಳದ ರಕ್ತ ಹಚ್ಚಿ ಉಜ್ಜಿದರೆ ಕೈ ಏಳುತ್ತದೆ ಎಂದು ಹೇಳುವಷ್ಟು ಧೈರ್ಯ ಒಬ್ಬರಿಗಿತ್ತು. "ನಮ್ಮ ಚಿಕ್ಕಪ್ಪಂಗೂ ಹಿಂಗೇ ಆಗಿತ್ತು. ಬಹಳ ದಿನ ಇರ್ಲಿಲ್ಲ ಪಾಪ" ಎಂದು ಮೇಡಂ ಮುಂದೆಯೇ ಹೇಳಿ ಕಾಫಿ ಹೀರಿದವರಿದ್ದರು. ಮಾತು ಹೋದವರ ಕಿವಿಯೂ ಹೋಗಿರುತ್ತದೆ ಎಂಬುದು ನಮ್ಮೂರಿನ ಸಾಮಾನ್ಯ ಜ್ಞಾನ. ನಾನೂ ಒಂದು ಸಲ ಹೋದೆ. ಕಿತ್ತಳೆ ಸುಲಿದು ತಟ್ಟೆಯಲ್ಲಿಟ್ಟು, "ಬೇಗ ಹುಷಾರಾಗಿ ಮೇಡಂ, ಫೈಲು ಕಾಯ್ತಿದಾವೆ" ಎಂದು ಹಾಸ್ಯ ಮಾಡಿ ಎದ್ದು ಬಂದವನು ಐದು ತಿಂಗಳು ಆ ಬೀದಿಗೇ ಕಾಲಿಡಲಿಲ್ಲ.

ಮನೆಯಲ್ಲಿ ಮಾತಿನ ಕೊರತೆಯೇನೂ ಇರಲಿಲ್ಲ. ಮೇಡಂ ಯಜಮಾನರು ರೇಣುಕಾಪ್ರಸಾದ್ ಕಾಮರ್ಸ್ ಲೆಕ್ಚರರ್ ಆಗಿ ನಿವೃತ್ತರಾದವರು. ಮೂವತ್ತೈದು ವರ್ಷ ಗಂಟೆಗಟ್ಟಲೆ ಮಾತಾಡಿ ರೂಢಿ, ನಿವೃತ್ತಿಯಾದಮೇಲೆ ಕೇಳುವವರು ಮನೆಯಲ್ಲಿ ಒಬ್ಬರೇ, ಅವರಿಗೂ ಪುರುಸೊತ್ತಿರುತ್ತಿರಲಿಲ್ಲ. ಈಗ ಹೆಂಡತಿಯ ಪಾಲಿನ ಮಾತೂ ಅವರಿಗೇ ಬಂತು. "ಅವಳಿಗೆ ಕಾಫಿ ಬೇಡ." "ಅವಳಿಗೆ ಟೀವಿ ನೋಡಿದ್ರೆ ಆಗಲ್ಲ." "ರಾಜೇಶ್ವರಿ ಏನ್ ಹೇಳ್ತಿದಾಳೆ ಅಂದ್ರೆ, ಎಲ್ಲಾ ದೇವರಿಚ್ಛೆ ಅಂತ." ರಾಜೇಶ್ವರಿ ಹಾಗೆ ಹೇಳಿದವರಲ್ಲ, ಹೇಳುವವರೂ ಅಲ್ಲ. ಆದರೆ ಅವರು ಎಡಗೈ ಎತ್ತಿ ತಡೆಯುವಷ್ಟರಲ್ಲಿ ಯಜಮಾನರು ಇನ್ನೆರಡು ವಾಕ್ಯ ಮುಂದೆ ಹೋಗಿರುತ್ತಿದ್ದರು. ಪ್ರೀತಿಯಿಂದಲೇ, ಅದರಲ್ಲಿ ಸಂಶಯವಿಲ್ಲ. ಪ್ರೀತಿಗೆ ಪುರುಸೊತ್ತಿರಲಿಲ್ಲ, ಅಷ್ಟೆ.

ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಹೇಮಶ್ರೀ ಎಂಬ ಹುಡುಗಿ ಕೈಕಾಲು ಆಡಿಸುತ್ತಿದ್ದಳು. ಇಪ್ಪತ್ತೇಳು ವರ್ಷ, ಗಟ್ಟಿ ಕೈ, ಯಾರನ್ನೂ ಪಾಪ ಎನ್ನದ ನಾಲಿಗೆ. ಮೊದಲ ದಿನ ಮೇಡಂ ಬೆನ್ನು ತಿರುಗಿಸಿ "ನಾಳೆ ಬನ್ನಿ" ಎಂದಾಗ ಅವಳು, "ನಾಳೆನೂ ಬರ್ತೀನಿ, ಇವತ್ತಿಂದು ಇವತ್ತು ಮುಗ್ಸಿ" ಎಂದು ಕೈ ಹಿಡಿದಳಂತೆ. ಮೇಡಂ ಸರ್ವಿಸಿನಲ್ಲಿ ಹೀಗೆ ಉತ್ತರ ಕೊಟ್ಟವರು ಯಾರೂ ಇರಲಿಲ್ಲ.

ಆ ಕ್ಲಿನಿಕ್ಕಿನ ಬೆಂಚಿನ ಮೇಲೆ ಒಂದು ದಿನ ಭದ್ರಾವತಿಯ ಕೃಷ್ಣಪ್ಪ ಮತ್ತು ಪುಷ್ಪಮ್ಮ ಸಿಕ್ಕಿದರು. ಕೃಷ್ಣಪ್ಪ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದ ಗಟ್ಟಿ ಆಳು. ಈಗ ಎಡಭಾಗ ಪೂರ್ತಿ ಬಿದ್ದಿತ್ತು. ಮಾತು ಸರಿಯಿತ್ತು, ನಗು ಮಾತ್ರ ಹಿಡಿತ ತಪ್ಪಿತ್ತು. ಯಾವುದಕ್ಕೋ ಶುರುವಾದರೆ ಕಣ್ಣಲ್ಲಿ ನೀರು ಬರುವವರೆಗೆ ನಿಲ್ಲುತ್ತಿರಲಿಲ್ಲ. ಇದೂ ಕಾಯಿಲೆಯ ಭಾಗವೇ ಎಂದು ಹೇಮಶ್ರೀ ಹೇಳಿದ್ದಳು. ಪುಷ್ಪಮ್ಮ ಮೇಡಂಗೆ ನಮಸ್ಕಾರ ಮಾಡಿ, "ಯಾವಾಗಿಂದ ಅಕ್ಕಾ ಹಿಂಗೆ?" ಎಂದು ಕೇಳಿದರು. ರೇಣುಕಾಪ್ರಸಾದ್ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮೇಡಂ ಗಂಭೀರವಾಗಿ, "ನಾಳೆ ಬನ್ನಿ" ಎಂದರು.

ಕೃಷ್ಣಪ್ಪ ಶುರುಮಾಡಿದರು. ಬೆಂಚು ಅಲ್ಲಾಡುವ ಹಾಗೆ ನಕ್ಕರು.

"ನಗ್ಬೇಡ್ರೀ, ಅಯ್ಯೋ, ನಗ್ಬೇಡ್ರೀ! ತಪ್ಪು ತಿಳ್ಕೋಬೇಡಿ ಅಕ್ಕಾ. ಇವ್ರಿಗೆ ಇದೊಂದು ಬಂದ್ಬಿಟ್ಟಿದೆ. ಹೋದ್ ತಿಂಗಳು ನಮ್ಮ ಮಾವನ ತಿಥೀಲೂ ನಕ್ಕರು, ಪುರೋಹಿತರು ಎದ್ದೇ ಹೋದರು."

ಆರು ತಿಂಗಳಲ್ಲಿ ತನ್ನ ಮುಖದ ಮುಂದೆ ನೇರವಾಗಿ ನಕ್ಕ ಮೊದಲ ಮನುಷ್ಯನನ್ನು ಮೇಡಂ ದಿಟ್ಟಿಸಿ ನೋಡಿದರು. ಆಮೇಲೆ ಬಾಯಿಯ ಎಡ ಮೂಲೆಯಿಂದ ಅವರಿಗೂ ನಗು ಬಂತು. ಅಂದು ಮನೆಗೆ ಹೊರಡುವ ಮೊದಲು ಹೇಮಶ್ರೀಯ ಮೇಜಿನಿಂದ ಪೆನ್ಸಿಲ್ ಎಳೆದು, ವ್ಯಾಯಾಮದ ಚೀಟಿಯ ಹಿಂದೆ ಎಡಗೈಯಲ್ಲಿ ಒಂದು ಸೊಟ್ಟ ವೃತ್ತ ಬರೆದರು. ಅದರ ಸುತ್ತ ಚುಕ್ಕಿ. ತನ್ನನ್ನು ತೋರಿಸಿದರು, ಕೃಷ್ಣಪ್ಪನನ್ನು ತೋರಿಸಿದರು, ಖಾಲಿ ಬೆಂಚು ತೋರಿಸಿದರು.

"ಎಲ್ರೂ ಒಟ್ಟಿಗೆ ಕೂರ್ಬೇಕಾ?" ಎಂದಳು ಹೇಮಶ್ರೀ. ಮೇಡಂ ಮೇಜು ಕುಟ್ಟಿದರು.

ಸಂಜೆ ನನಗೆ ಫೋನು ಬಂತು. "ನಾಳೆ ಬನ್ನಿ" ಎಂದಿತು ಆ ಕಡೆಯ ದನಿ. ಅಭ್ಯಾಸಬಲ, "ಆಯ್ತು ಮೇಡಂ" ಎಂದೆ. ಮರುದಿನ ಹೋದೆ.

ಸಂಘ ಕಟ್ಟುವುದಕ್ಕೆ ಬೇಕಾದ್ದು ಸದಸ್ಯರು. ಹೇಮಶ್ರೀಯ ಬಳಿ ಮೂವತ್ತೊಂದು ಮನೆಗಳ ಪಟ್ಟಿ ಇತ್ತು. ನಿಮ್ಮ ನಂಬರು ಒಬ್ಬರಿಗೆ ಕೊಡಲೇ ಎಂದು ಅವಳು ಮೊದಲೇ ಕೇಳಿ ಒಪ್ಪಿಸಿದ್ದಳು. ಫೋನು ಮಾಡುವ ಕೆಲಸ ನನ್ನದು. ಎರಡು ದಿನದಲ್ಲಿ ನನಗೆ ಗೊತ್ತಾದದ್ದೇನೆಂದರೆ, ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಸ್ಟ್ರೋಕ್ ಎಂಬ ಕಾಯಿಲೆ ಯಾರಿಗೂ ಬಂದಿಲ್ಲ. "ಅಪ್ಪಂಗೆ ಸ್ವಲ್ಪ ಸುಸ್ತು ಅಷ್ಟೇ." "ನರದ ವೀಕ್‌ನೆಸ್ಸು ಸಾರ್." ಒಂದು ಮನೆಯವರು ಮಗಳಿಗೆ ಗಂಡು ನೋಡುತ್ತಿದ್ದರು, ಮದುವೆಯಾಗುವ ತನಕ ಫೋನು ಮಾಡಬೇಡಿ ಎಂದರು. ಇನ್ನೊಬ್ಬರು, "ಸಂಘದಿಂದ ಏನ್ ಸಿಗುತ್ತೆ?" ಎಂದು ಕೇಳಿದರು. ಕೂತು ಮಾತಾಡಬಹುದು ಎಂದೆ. "ನಮ್ಮ ಅಜ್ಜಿಗೆ ಮಾತೇ ಬರಲ್ಲ, ಇಡಿ ಫೋನ್" ಎಂದರು.

ಎಲ್ಲರಿಗಿಂತ ಚೆನ್ನಾಗಿ ಮುಚ್ಚಿಟ್ಟವರು ಭದ್ರಾವತಿಯ ಉಜ್ಜನಪ್ಪ. ಟೈಲ್ಸು, ನಲ್ಲಿ, ಕಮೋಡು ಮಾರುವ ದೊಡ್ಡ ಅಂಗಡಿ ಅವರದು. ಸ್ಟ್ರೋಕ್ ಆದ ಮೂರು ತಿಂಗಳು ಊರವರ ಲೆಕ್ಕದಲ್ಲಿ ಅವರು ಕಾಶಿಯಲ್ಲಿದ್ದರು. ಈಗ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕೌಂಟರಿನ ಹಿಂದೆ ಕೂತರೆ ರಾತ್ರಿ ಎಲ್ಲರೂ ಹೋದ ಮೇಲೆ ಏಳುತ್ತಿದ್ದರು. ಎದ್ದು ನಡೆದರೆ ಕಾಲು ಎಳೆಯುವುದು ಕಾಣುತ್ತದಲ್ಲ. "ಯಜಮಾನ್ರು ಎಷ್ಟು ಶ್ರದ್ಧೆ ನೋಡಿ" ಎಂದು ಗಿರಾಕಿಗಳು ಹೊಗಳುತ್ತಿದ್ದರು. ನನ್ನ ಫೋನಿಗೆ ಅವರು, "ಯಾವ ಉಜ್ಜನಪ್ಪ? ಅವ್ರಿಲ್ಲ" ಎಂದು ತಾವೇ ಹೇಳಿ ಇಟ್ಟರು.

ಕೊನೆಗೆ ಮೇಡಂ ಸೇರಿ ಒಂಬತ್ತು ಜನರಾದರು. ಅಷ್ಟರಲ್ಲಿ ರೇಣುಕಾಪ್ರಸಾದ್ ಮನೆಗೆ ವೆಂಕಟಾಚಲ ಅವರನ್ನು ಕರೆತಂದರು.

ವೆಂಕಟಾಚಲ ಊರಿನ ಏಳು ಸಂಘಗಳ ಅಧ್ಯಕ್ಷರು. ವಾಯುವಿಹಾರಿಗಳ ಸಂಘ, ಬಡಾವಣೆ ನಿವಾಸಿಗಳ ಸಂಘ, ಹೀಗೆ. ಎಪ್ಪತ್ತರ ವಯಸ್ಸಿನಲ್ಲಿ ಬಿ.ಪಿ. ಕೂಡ ಇರಲಿಲ್ಲ, ಅದನ್ನು ಅವರು ಎರಡು ವಾಕ್ಯಕ್ಕೊಮ್ಮೆ ಹೇಳುತ್ತಿದ್ದರು. ಮೇಡಂ ಬರೆದ ಸೊಟ್ಟ ವೃತ್ತವನ್ನು ನೋಡಿ, "ಲೋಗೋನಾ? ಚೆನ್ನಾಗಿದೆ" ಎಂದರು. ಆಮೇಲೆ, "ಸಂಘ ಅಂದ್ಮೇಲೆ ಉದ್ಘಾಟನೆ ಆಗ್ಬೇಕಲ್ಲ ಮಾರಾಯ್ರೇ?" ಎಂದು ರೇಣುಕಾಪ್ರಸಾದರ ಕಡೆ ತಿರುಗಿದರು. ಅಲ್ಲಿಂದ ಮುಂದೆ ಮೇಡಂ ಕಡೆ ಯಾರೂ ತಿರುಗಲಿಲ್ಲ.

ಹೆಸರಿಗಾಗಿ ಎರಡು ಸಭೆ ನಡೆದವು. ಪೀಡಿತರ ಸಂಘ ಎನ್ನುವುದು ಅಮಂಗಳ, ಸಂತ್ರಸ್ತರು ಎಂದರೆ ಪ್ರವಾಹದವರ ಹಾಗಾಗುತ್ತದೆ ಎಂದು ವಾದಗಳಾಗಿ ಕೊನೆಗೆ 'ಪಾರ್ಶ್ವವಾಯು ವಿಜೇತರ ಬಳಗ' ಎಂದು ತೀರ್ಮಾನವಾಯಿತು. ವಾದ ಮಾಡಿದವರಲ್ಲಿ ಯಾರಿಗೂ ಪಾರ್ಶ್ವವಾಯು ಇರಲಿಲ್ಲ. ಬ್ಯಾನರಿನಲ್ಲಿ ವೆಂಕಟಾಚಲರ ಎದೆಮಟ್ಟದ ಚಿತ್ರ, ಕೆಳಗಿನ ಮೂಲೆಯಲ್ಲಿ ಮೇಡಂ ಸರ್ವಿಸು ಸೇರಿದಾಗಿನ ಪಾಸ್‌ಪೋರ್ಟ್ ಫೋಟೋ. ಗಾಂಧಿ ಬಜಾರಿನ ಹಿಂದಿನ ರಸ್ತೆಯ ಒಂದು ಸಭಾಂಗಣವನ್ನು ಗೊತ್ತುಮಾಡಿದರು. ಸಭಾಂಗಣ ಮೊದಲ ಮಹಡಿಯಲ್ಲಿತ್ತು. ಮೆಟ್ಟಿಲು ಇಪ್ಪತ್ತಾರು. ಲಿಫ್ಟಿನ ಜಾಗದಲ್ಲಿ ಲಿಫ್ಟಿನ ಗುಂಡಿ ಇತ್ತು, ಅದಕ್ಕೆ ಹಲಗೆ ಮುಚ್ಚಿದ್ದರು.

"ಮೆಟ್ಟಿಲು ಹೆಂಗೆ ಹತ್ತುತ್ತಾರೆ ಸಾರ್?" ಎಂದು ಹೇಮಶ್ರೀ ಕೇಳಿದಳು.

"ಮನಸ್ಸಿದ್ರೆ ಎಲ್ಲಾ ಆಗುತ್ತಮ್ಮ. ನಾನು ದಿನಾ ಆರು ಕಿಲೋಮೀಟರ್ ನಡೀತೀನಿ" ಎಂದರು ವೆಂಕಟಾಚಲ.

ಆ ಭಾನುವಾರ ಒಂಬತ್ತು ಜನರೂ ಬಂದರು. ಇಬ್ಬರು ಹೇಗೋ ಗೋಡೆ ಹಿಡಿದು ಹತ್ತಿದರು. ಸ್ಥಾಪಕರು ವೇದಿಕೆಯಲ್ಲಿ ಕಾಣಲೇಬೇಕಲ್ಲ, ಮೇಡಂ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಎತ್ತಿದರು. ನಾನೂ ಒಂದು ಕಾಲು ಹಿಡಿದಿದ್ದೆ. ತಿರುವಿನಲ್ಲಿ ಕುರ್ಚಿ ವಾಲಿದಾಗ ಅವರು ನನ್ನ ಕಡೆ ನೋಡಿದ ನೋಟ ಕಚೇರಿಯಲ್ಲಿ ತಪ್ಪು ಟಿಪ್ಪಣಿ ಬರೆದಾಗಿನದಕ್ಕಿಂತ ಕೆಟ್ಟದಾಗಿತ್ತು. ಉಳಿದ ಆರು ಜನ ಕೆಳಗೆ, ಚಪ್ಪಲಿ ಬಿಡುವ ಜಾಗದಲ್ಲಿ, ಯಾರೋ ತಂದು ಹಾಕಿದ ಬೆಂಚು ಮತ್ತು ಎರಡು ಸ್ಟೂಲಿನ ಮೇಲೆ ಉಳಿದರು. "ಇಲ್ಲೇ ಕೂತಿರಿ, ಸ್ಪೀಕರಲ್ಲಿ ಎಲ್ಲಾ ಕೇಳುತ್ತೆ" ಎಂದು ಅವರಿಗೆ ಹೇಳಲಾಯಿತು. ಅವರ ಜೊತೆಗೆ ಬಂದವರೆಲ್ಲ ಮೇಲೆ ಹೋದರು, ಪುಷ್ಪಮ್ಮ ಒಬ್ಬರನ್ನು ಬಿಟ್ಟು.

ಮೇಲೆ ಪ್ರಾರ್ಥನೆ, ಸ್ವಾಗತ, ದೀಪ. ಮೇಡಂ ಎಡಗೈಯಲ್ಲಿ ಬತ್ತಿ ಹಿಡಿದರೆ ಶುಭವಲ್ಲವೆಂದು ಯಾರೋ ಪಿಸುಗುಟ್ಟಿ, ವೆಂಕಟಾಚಲರೇ ದೀಪ ಹಚ್ಚಿ ಮುಗಿಸಿದರು. ಶಾಲನ್ನು ಬಲಭುಜಕ್ಕೆ ಹೊದಿಸಿದರು. ಸತ್ವವಿಲ್ಲದ ಭುಜ, ಅದು ಜಾರಿ ಬಿತ್ತು. ಮುಖ್ಯ ಅತಿಥಿಗಳು ಮನಸ್ಸು ಗಟ್ಟಿಯಿದ್ದವರಿಗೆ, ಬೆಳಿಗ್ಗೆ ಐದಕ್ಕೆ ಏಳುವವರಿಗೆ ಸ್ಟ್ರೋಕ್ ಬರುವುದೇ ಇಲ್ಲ ಎಂದು ಸ್ಟ್ರೋಕ್ ಆದವರಿಗೆ ವಿವರಿಸಿದರು. ಆಮೇಲೆ ಪದಾಧಿಕಾರಿಗಳ ಘೋಷಣೆ. ಅಧ್ಯಕ್ಷರು ವೆಂಕಟಾಚಲ, ಕಾರ್ಯದರ್ಶಿ ರೇಣುಕಾಪ್ರಸಾದ್. ಕಾಗದಗಳಿಗೆ ಸಹಿ ಹಾಕಬೇಕಾಗುತ್ತದೆ, ಸ್ಥಾಪಕರ ಬಲಗೈ ಕೆಲಸ ಮಾಡುವುದಿಲ್ಲವಾದ್ದರಿಂದ ಅವರನ್ನು ಗೌರವ ಸಲಹೆಗಾರರನ್ನಾಗಿ ಮಾಡಲಾಗಿದೆ ಎಂದರು. ಮೂವತ್ತೊಂದು ವರ್ಷ ಹೆಬ್ಬೆಟ್ಟಿನ ಗುರುತಿಗೆ ಸಾಕ್ಷಿ ಹಾಕಿಸಿ ಅರ್ಜಿ ತೆಗೆದುಕೊಂಡವರ ಮುಂದೆ ಈ ಮಾತು.

ಮೈಕನ್ನು ಮೇಡಂ ಬಾಯಿಯ ಹತ್ತಿರ ಹಿಡಿದರು. ಅವರು ಪ್ರಯತ್ನಪಟ್ಟರು. ಕತ್ತಿನ ನರ ಉಬ್ಬಿದವು. "ನಾಳೆ ಬನ್ನಿ" ಎಂದೇ ಬಂತು. ಪ್ರೀತಿಯ ಆಹ್ವಾನವೆಂದು ಸಭೆ ಚಪ್ಪಾಳೆ ತಟ್ಟಿತು. ರೇಣುಕಾಪ್ರಸಾದ್ ಮೈಕು ತೆಗೆದುಕೊಂಡು, "ರಾಜೇಶ್ವರಿ ಹೇಳೋಕೆ ಹೊರಟಿದ್ದು ಏನಂದ್ರೆ..." ಎಂದು ಶುರುಮಾಡಿದರು.

ಆಗ ಕೆಳಗಿನಿಂದ ನಗು ಕೇಳಿಸಿತು. ಕೃಷ್ಣಪ್ಪ ಶುರುಮಾಡಿದ್ದರು. ಆದರೆ ಈ ಸಲ ಒಬ್ಬರದೇ ಅಲ್ಲ, ಹಲವರ ನಗು. ಮೇಡಂ ಕಿವಿಗೊಟ್ಟರು. ಪಕ್ಕದಲ್ಲಿದ್ದ ಊರುಗೋಲು ಹಿಡಿದು ಎದ್ದರು. ಗಂಡ ಮಾತಾಡುತ್ತಲೇ ಇದ್ದರು, ನೋಡಲಿಲ್ಲ. ಮೆಟ್ಟಿಲ ತುದಿಗೆ ಬಂದಾಗ ನಾವು ನಾಲ್ವರು ಕುರ್ಚಿ ಹಿಡಿದು ಓಡಿದೆವು.

"ಬಿಡಿ!" ಎಂದರು ಮೇಡಂ.

ಏಳು ತಿಂಗಳ ನಂತರ ಅವರ ಬಾಯಿಂದ ಬಂದ ಎರಡನೆಯ ಮಾತು ಅದು. ನಾವು ಬಿಟ್ಟೆವು. ಸೀರೆ ಮುದುರಿಕೊಂಡು ಮೊದಲ ಮೆಟ್ಟಿಲ ಮೇಲೆ ಕೂತರು. ಎಡಗಾಲು ಊರಿ, ಎಡಗೈ ಒತ್ತಿ, ಕೆಳಗಿನ ಮೆಟ್ಟಿಲಿಗೆ ಜಾರಿದರು. ಮತ್ತೆ ಒಂದು. ಹೇಮಶ್ರೀ ಅವರ ಮುಂದೆ ಎರಡು ಮೆಟ್ಟಿಲು ಕೆಳಗೆ ಹಿಂದುಹಿಂದಕ್ಕೆ ಇಳಿಯುತ್ತಾ, ಮುಟ್ಟದೆ, ಕೈ ಚಾಚಿಕೊಂಡಿದ್ದಳು. ಅರ್ಧ ಗಂಟೆ ಮೇಲಾಯಿತು. ಅಷ್ಟರಲ್ಲಿ ಮೇಲೆ ವಂದನಾರ್ಪಣೆ ಮುಗಿದು ಉಪ್ಪಿಟ್ಟು, ಕೇಸರಿಬಾತು ಶುರುವಾಗಿತ್ತು.

ಕೆಳಗೆ ಆರು ಜನ ಚಪ್ಪಲಿಗಳ ನಡುವೆ ಜಾಗ ಮಾಡಿಕೊಟ್ಟರು. ಅಲ್ಲಿ ನಡೆಯುತ್ತಿದ್ದ ಮಾತು ಒಂದೇ ಕೈಯಲ್ಲಿ ಪಾಯಿಜಾಮದ ಲಾಡಿ ಕಟ್ಟುವುದು ಹೇಗೆ ಎಂಬುದು. ಒಬ್ಬ ಮಾಜಿ ಕಂಡಕ್ಟರ್ ಹಲ್ಲಿನಲ್ಲಿ ಕಚ್ಚಿ ತೋರಿಸುತ್ತಿದ್ದರು. ಮೇಡಂ ಕೂತು ಉಸಿರು ಸುಧಾರಿಸಿಕೊಂಡು ಮೇಲೆ ಕೈ ತೋರಿಸಿ ತಲೆ ಅಲ್ಲಾಡಿಸಿದರು. ಬೇರೆ ಜಾಗ ಬೇಕು.

ಜಾಗ ಎಂದರೆ ಏನೇನಿರಬೇಕು ಎಂದು ಹೇಮಶ್ರೀ ಕೇಳಿದಳು. ಮೆಟ್ಟಿಲಿರಬಾರದು ಎಂದರು ಕೃಷ್ಣಪ್ಪ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೊನೆಗೆ ಕಂಡಕ್ಟರ್ ಬಾಯಿಬಿಟ್ಟರು. ಕಮೋಡಿರಬೇಕು. ಕುಕ್ಕರಗಾಲಲ್ಲಿ ಕೂತರೆ ಏಳಲಾಗುವುದಿಲ್ಲ, ಅದೇ ಭಯಕ್ಕೆ ಹೊರಗೆ ಹೊರಡುವ ದಿನ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ ಎಂದರು. ಎಲ್ಲರೂ ಹೌದೆಂದರು. ಮೇಲೆ ಎರಡು ಗಂಟೆ ಭಾಷಣ ಮಾಡಿದ ಯಾರ ಬಾಯಲ್ಲೂ ಈ ಮಾತು ಬಂದಿರಲಿಲ್ಲ.

ಬಾಗಿಲ ಹೊರಗೆ ನಿಂತಿದ್ದ ಒಂದು ಬಿಳಿ ಕಾರಿನ ಹಿಂದಿನ ಗಾಜು ಅರ್ಧ ಇಳಿಯಿತು. ಬೆಳಿಗ್ಗೆಯಿಂದ ಅದು ಅಲ್ಲೇ ನಿಂತಿತ್ತು, ಯಾರೂ ಇಳಿದಿರಲಿಲ್ಲ.

"ನಮ್ಮ ಅಂಗಡೀಲಿ ಮೆಟ್ಟಿಲಿಲ್ಲ" ಎಂದರು ಒಳಗಿದ್ದವರು. "ಕಮೋಡು ಹದಿನೆಂಟಿದಾವೆ." ಸ್ವಲ್ಪ ತಡೆದು ಸೇರಿಸಿದರು, "ನೀರು ಬರೋದು ಒಂದ್ರಲ್ಲೇ."

ಅವರು ಉಜ್ಜನಪ್ಪ.

ಅವರ ಅಂಗಡಿಗೆ ಮಂಗಳವಾರ ರಜೆ. ಆ ಮಂಗಳವಾರ ಶಿವಮೊಗ್ಗದ ಐವರನ್ನು ಹೇಮಶ್ರೀ ಗೊತ್ತುಮಾಡಿದ ಓಮ್ನಿಯಲ್ಲಿ ಹತ್ತಿಸಿಕೊಂಡು ಹೊರಟೆವು. ಯಾರೂ ನೋಡಬಾರದೆಂದು ಉಜ್ಜನಪ್ಪ ಶಟರನ್ನು ಅರ್ಧ ಮಾತ್ರ ಎತ್ತಿದ್ದರು. ಬಗ್ಗಿ ಬನ್ನಿ, ಬಗ್ಗಿ ಬನ್ನಿ ಎಂದು ಒಳಗಿನಿಂದ ಕರೆದರು. ಊರುಗೋಲು ಹಿಡಿದವರು ಬಗ್ಗುವುದು ಹೇಗೆ? ರಸ್ತೆಯಲ್ಲಿ ಒಂಬತ್ತು ಜನ ಸಾಲಾಗಿ ನಿಂತುಕೊಂಡರು. ಮೇಡಂ ಮುಂದೆ ಬಂದು ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿ, ಎಡಗೈಯಲ್ಲಿ ಶಟರನ್ನು ಬಡಿದರು. ಬಡಿಯುತ್ತಲೇ ಇದ್ದರು. ಅಕ್ಕಪಕ್ಕದ ಅಂಗಡಿಯವರು ಹೊರಬಂದರು, ಆಟೋದವರು ನಿಲ್ಲಿಸಿದರು. ಎದುರಿನ ಬೇಕರಿಯವನಂತೂ ಸೌಟು ಹಿಡಿದೇ ಬಂದ. ಉಜ್ಜನಪ್ಪನಿಗೆ ಬೇರೆ ದಾರಿಯಿರಲಿಲ್ಲ. ಶಟರು ಪೂರ್ತಿ ಎದ್ದಾಗ ಕಾಶಿಯಿಂದ ಬಂದ ಯಜಮಾನರು ಕಾಲೆಳೆಯುತ್ತಾ, ಗೋಡೆ ಹಿಡಿದು, ಇಡೀ ಬೀದಿಯ ಮುಂದೆ ನಿಂತಿದ್ದರು.

"ಏನ್ರೀ ಉಜ್ಜನಪ್ಪನೋರೆ, ಕಾಲಿಗೇನಾಯ್ತು?" ಎಂದ ಬೇಕರಿಯವನು.

"ಲಕ್ವ ಕಣೋ" ಎಂದರು ಉಜ್ಜನಪ್ಪ. "ವರ್ಷ ಆಯ್ತು."

ಬೇಕರಿಯವನು ಅಯ್ಯೋ ಎಂದು, ಕರಿಯಲು ಬಿಟ್ಟ ನಿಪ್ಪಟ್ಟಿನ ನೆನಪಾಗಿ ಓಡಿದ. ಅಷ್ಟೇ ನಡೆದದ್ದು. ಒಂದು ವರ್ಷ ಕೌಂಟರಿನ ಹಿಂದೆ ಕಾದಿಟ್ಟ ಗುಟ್ಟಿಗೆ ಊರು ಕೊಟ್ಟ ಸಮಯ ಅರ್ಧ ನಿಮಿಷ. ಉಜ್ಜನಪ್ಪನಿಗೆ ಸ್ವಲ್ಪ ಅವಮಾನವೇ ಆದಂತೆ ಕಂಡಿತು.

ಒಳಗೆ ಹೇಮಶ್ರೀಗೆ ಹಬ್ಬ. ಸಾಮಾನು ಸಾಗಿಸಲು ಹಾಕಿದ ಇಳಿಜಾರು ಇತ್ತು, ಗೋಡೆ ತುಂಬ ಮಾರಾಟಕ್ಕಿಟ್ಟ ಸ್ಟೀಲಿನ ಹಿಡಿಗಳಿದ್ದವು. ಎದ್ದು ನಿಲ್ಲುವ ಅಭ್ಯಾಸಕ್ಕೆ ಇಂಥ ಜಾಗ ಯಾವ ಆಸ್ಪತ್ರೆಯಲ್ಲೂ ಇಲ್ಲ ಎಂದಳು. ಕುರ್ಚಿ ಸಾಲದ್ದಕ್ಕೆ ಕೆಲವರು ಕಮೋಡಿನ ಮುಚ್ಚಳ ಹಾಕಿ ಅದರ ಮೇಲೆಯೇ ಕೂತರು, ಎತ್ತರ ಸರಿಯಾಗಿತ್ತು. ಎಲ್ಲ ಕೂತ ಮೇಲೆ ರೇಣುಕಾಪ್ರಸಾದ್, "ಮೊದಲಿಗೆ ಈ ಸಭೆಯ ಉದ್ದೇಶ..." ಎಂದರು.

ಮೇಡಂ ಒಂದು ಟೈಲ್ಸ್ ಪೆಟ್ಟಿಗೆಯ ರಟ್ಟು ಹರಿಸಿಕೊಂಡು, ಮಾರ್ಕರ್ ಪೆನ್ನು ತೆಗೆದುಕೊಂಡರು. ಬರೆಯಲು ಹತ್ತು ನಿಮಿಷ ಹಿಡಿಯಿತು, ಅಕ್ಷರ ಒಂದನೇ ಕ್ಲಾಸಿನ ಮಗುವಿನದರ ಹಾಗಿತ್ತು. 'ಜೊತೆಗೆ ಬಂದವರು ಹೊರಗೆ.' ಅದನ್ನು ಗಂಡನ ಮುಖದ ಮುಂದೆ ಹಿಡಿದರು.

"ನಿನಗೇನಾದ್ರೂ ಬೇಕಾದ್ರೆ ಯಾರು ಹೇಳ್ತಾರೆ ರಾಜೇಶ್ವರಿ?"

ಅವರು ಬಾಗಿಲು ತೋರಿಸಿದರು.

ಹೀಗೆ ನಾವು ಏಳು ಜನ ಆರೋಗ್ಯವಂತರು ಬೀದಿಯಲ್ಲಿ, ಮಾರಾಟದ ನೀರಿನ ಟ್ಯಾಂಕುಗಳ ನೆರಳಲ್ಲಿ ಕೂತೆವು. ರೇಣುಕಾಪ್ರಸಾದ್ ಎದ್ದು ಗಾಜಿನೊಳಗೆ ಇಣುಕಿದರು, ಕೂತರು, ಮತ್ತೆ ಇಣುಕಿದರು. ಎರಡೂವರೆ ವರ್ಷದಿಂದ ಗಂಡನನ್ನು ಎತ್ತಿ ಇಳಿಸಿ ಸೊಂಟ ಹೋಗಿದ್ದ ಪುಷ್ಪಮ್ಮ ಮಾತ್ರ ಒಂದು ರಟ್ಟು ಹಾಸಿಕೊಂಡು ಗೋಡೆಗೆ ಒರಗಿದವರು ಹಾಗೇ ನಿದ್ದೆ ಹೋದರು. ಬಾಯಿ ತೆರೆದುಕೊಂಡು, ಗೊರಕೆ ಹೊಡೆಯುತ್ತಾ, ಹಾಡುಹಗಲು ಎರಡು ಗಂಟೆ ನಿದ್ದೆ ಮಾಡಿದರು. ಅವರನ್ನು ಎಬ್ಬಿಸಬೇಡಿ ಎಂದು ಆಮೇಲೆ ಕೃಷ್ಣಪ್ಪನೇ ಸನ್ನೆ ಮಾಡಿದರು.

ಒಳಗೆ ಏನು ನಡೆಯುತ್ತಿತ್ತು ಎಂದು ನನಗೆ ಗೊತ್ತಾದದ್ದು ಹೇಮಶ್ರೀಯಿಂದ. ಘನವಾದದ್ದೇನೂ ಅಲ್ಲ. ಸೊಸೆಯ ಮೇಲೆ ದೂರು, ಔಷಧದ ಮೇಲೆ ದೂರು, ಬಸ್ಸಿನ ಮೊದಲ ಮೆಟ್ಟಿಲಿನ ಮೇಲೆ ಎಲ್ಲರ ದೂರು. ಒಬ್ಬರು ಒಂದು ವಾಕ್ಯ ಮುಗಿಸಲು ನಾಲ್ಕು ನಿಮಿಷ ತೆಗೆದುಕೊಂಡರೆ ಎಲ್ಲರೂ ನಾಲ್ಕು ನಿಮಿಷ ಕಾಯುತ್ತಿದ್ದರು, ಯಾರೂ ಮುಂದಿನ ಪದ ಎತ್ತಿ ಕೊಡುತ್ತಿರಲಿಲ್ಲ. ಕೊಟ್ಟರೆ ಮೇಡಂ ಊರುಗೋಲು ಕುಟ್ಟುತ್ತಿದ್ದರು.

ಮೂರನೆಯ ತಿಂಗಳು ವೆಂಕಟಾಚಲರಿಂದ ಲೆಟರ್‌ಹೆಡ್ಡಿನಲ್ಲಿ ಪತ್ರ ಬಂತು. ಬಳಗದ ಅನುಮತಿಯಿಲ್ಲದೆ ಬಳಗದ ಉದ್ದೇಶವನ್ನು ಕಮೋಡಿನ ಅಂಗಡಿಯಲ್ಲಿ ಈಡೇರಿಸುತ್ತಿರುವುದು ಶಿಸ್ತಿನ ಉಲ್ಲಂಘನೆ, ಏಳು ದಿನದೊಳಗೆ ಕಾರಣ ಕೊಡಿ ಎಂದಿತ್ತು. ನಾನು ಹೆದರಿದೆ. ಮೇಡಂ ಪತ್ರವನ್ನು ಮೂರು ಸಲ ತಿರುವಿ ನೋಡಿದರು. ಬಹಳ ದಿನಗಳ ನಂತರ ಅವರ ಮುಖದಲ್ಲಿ ಹಳೆಯ ಕಳೆ ಬಂತು. ಸ್ವೀಕೃತಿ ಸಂಖ್ಯೆ ಹಾಕಿಸಿದರು, ದಿನಾಂಕ ಹಾಕಿಸಿದರು. ಎಡಗೈಯಲ್ಲಿ ಎರಡು ಪದ ಬರೆದು ನನಗೆ ಕೊಟ್ಟರು: 'ಪರಿಶೀಲನೆಯಲ್ಲಿ ಇದೆ.' ಅಷ್ಟನ್ನೇ ಟೈಪು ಮಾಡಿ, ಕೆಳಗೆ ಅವರ ಎಡ ಹೆಬ್ಬೆಟ್ಟು ಒತ್ತಿಸಿ, ಸಾಕ್ಷಿ ಹಾಕಿ ಕಳಿಸಿದೆ. ಎರಡು ಪದವಲ್ಲ, ಒಂದೇ ಪದ ಎಂದು ನಾನು ತಿದ್ದಲು ಹೋಗಲಿಲ್ಲ. ವೆಂಕಟಾಚಲ ಈ ತನಕ ಹನ್ನೊಂದು ಪತ್ರ ಬರೆದಿದ್ದಾರೆ. ಹನ್ನೊಂದೂ ಪರಿಶೀಲನೆಯಲ್ಲಿವೆ. ಅವರ ಬಳಗವೂ ಚೆನ್ನಾಗಿ ನಡೆಯುತ್ತಿದೆ. ವರ್ಷಕ್ಕೆ ಎರಡು ಸಮಾರಂಭ, ಇಪ್ಪತ್ತಾರು ಮೆಟ್ಟಿಲ ಮೇಲೆ.

ಎಲ್ಲವೂ ಸರಿಹೋಯಿತೆಂದಲ್ಲ. ಕಂಡಕ್ಟರು ಪಾರಿವಾಳದ ಚಿಕಿತ್ಸೆಗೆಂದು ಎಲ್ಲೋ ಹೋಗಿ, ಮಾತ್ರೆ ಬಿಟ್ಟು, ಮತ್ತೆ ಹಾಸಿಗೆ ಹಿಡಿದರು. ಕಳೆದ ಚಳಿಗಾಲದಲ್ಲಿ ಕೃಷ್ಣಪ್ಪನಿಗೆ ಎರಡನೆಯ ಸಲ ಆಯಿತು, ಮೂರು ದಿನ ಇದ್ದರು. ಹದಿನೈದು ದಿನ ಬಿಟ್ಟು ಮಂಗಳವಾರ ಪುಷ್ಪಮ್ಮ ಒಬ್ಬರೇ ಬಂದರು. ಒಳಗೆ ಕೂರುವುದೋ ಹೊರಗೆ ಕೂರುವುದೋ ತಿಳಿಯದೆ ಇಳಿಜಾರಿನ ಮೇಲೆ ನಿಂತರು. ಮೇಡಂ ಒಳಗಿನಿಂದ ಬಂದು ಅವರ ಮೊಣಕೈ ಹಿಡಿದು, "ಬಾ" ಎಂದರು. ಈಗ ಯಾರಿಗೆ ಹೊಸದಾಗಿ ಸ್ಟ್ರೋಕ್ ಆದ ಸುದ್ದಿ ಬಂದರೂ ಮೊದಲು ಅವರ ಮನೆಗೆ ಹೋಗುವವರು ಪುಷ್ಪಮ್ಮ. ಹಣ್ಣು ಒಯ್ಯುವುದಿಲ್ಲ. ಮನೆಯ ಹೆಂಗಸರನ್ನು ಮಲಗಿಸಿ ಎರಡು ಗಂಟೆ ತಾವು ಕೂರುತ್ತಾರೆ.

ಮೇಡಂ ಸ್ವಯಂನಿವೃತ್ತಿ ತೆಗೆದುಕೊಂಡರು. ಮಾತು ಈಗ ನಲವತ್ತರಷ್ಟು ಬಂದಿವೆ, ಹೆಚ್ಚಿನವು ಬೈಗುಳ. "ಸುಮ್ನಿರಿ" ಎಂಬುದು ರೇಣುಕಾಪ್ರಸಾದರಿಗೆ ಮೀಸಲು. ಅವರೂ ಸುಧಾರಿಸಿದ್ದಾರೆ, ಪ್ರಶ್ನೆ ಕೇಳಿ ಬೆರಳಲ್ಲಿ ಇಪ್ಪತ್ತರವರೆಗೆ ಎಣಿಸುತ್ತಾರೆ, ಆಮೇಲೂ ತಡೆಯಲಾಗದಿದ್ದರೆ ಎದ್ದು ಬೇಕರಿಗೆ ಹೋಗುತ್ತಾರೆ.

ಹೋದ ಮಂಗಳವಾರ ಕುಂಸಿಯ ಕಡೆಯಿಂದ ಹೊನ್ನಯ್ಯ ಎಂಬುವರನ್ನು ಅವರ ಮೂವರು ತಮ್ಮಂದಿರು ಜೀಪಿನಲ್ಲಿ ಕರೆತಂದರು. ಅಣ್ಣನ ಹೆಸರು, ವಯಸ್ಸು, ಕಾಯಿಲೆ ಬಂದ ದಿನ, ಎಲ್ಲವನ್ನೂ ಮೂವರೂ ಒಟ್ಟಿಗೆ ಹೇಳಿದರು. ಮೇಡಂ ಹೊನ್ನಯ್ಯನವರನ್ನು ಒಳಗೆ ಕರೆದುಕೊಂಡು, ತಮ್ಮಂದಿರಿಗೆ ರಟ್ಟು ತೋರಿಸಿದರು. ಅವರು ಬಂದು ನನ್ನ ಪಕ್ಕ ಕೂತರು. ಅರ್ಧ ಗಂಟೆಯಾದ ಮೇಲೆ ದೊಡ್ಡವನು ಗಡಿಯಾರ ನೋಡಿದ.

"ಒಳಗೆ ಏನ್ ಟ್ರೀಟ್‌ಮೆಂಟ್ ಕೊಡ್ತಾರೆ ಸಾರ್?"

"ವ್ಯಾಯಾಮ ಮಾಡಿಸ್ತಾರೆ. ಆಮೇಲೆ ಮಾತಾಡ್ತಾರೆ."

"ನಮ್ಮಣ್ಣಂಗೆ ಮಾತೇ ಬರಲ್ವಲ್ಲ."

"ಅದಕ್ಕೇ ಹೊತ್ತಾಗುತ್ತೆ" ಎಂದೆ. "ಎದುರುಗಡೆ ಬೇಕರೀಲಿ ಕಾಫಿ ಚೆನ್ನಾಗಿರುತ್ತೆ, ಕುಡ್ಕೊಂಡು ಬನ್ನಿ."